ಅಡ್ಡಹಲಗೆ ತೆಗೆದ ಮೇಲೆ: ನಮ್ಮ ದಿನಸಿ ಅಂಗಡಿಯನ್ನು ಸ್ವಸೇವೆಗೆ ತಂದ ಹತ್ತು ತಿಂಗಳು

ಮೂವತ್ತೆಂಟು ವರ್ಷ ಅಪ್ಪ ಹಿಂದೆ ನಿಂತು ವ್ಯಾಪಾರ ಮಾಡಿದ ಹಲಸಿನ ಹಲಗೆಯ ಕೌಂಟರನ್ನು 2025ರ ಜೂನ್ ತಿಂಗಳಲ್ಲಿ ಬಿಚ್ಚಿ ಹಿತ್ತಿಲಿಗೆ ಸಾಗಿಸಿದೆವು. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿರುವ ನಮ್ಮ ದಿನಸಿ ಅಂಗಡಿಗೆ ಈಗ ಗಿರಾಕಿಗಳು ಬುಟ್ಟಿ ಹಿಡಿದು ಒಳಗೇ ಬರುತ್ತಾರೆ, ಬೇಕಾದುದನ್ನು ತಾವೇ ಆರಿಸಿಕೊಳ್ಳುತ್ತಾರೆ, ಬಾಗಿಲ ಬಳಿ ಹಣ ಕೊಟ್ಟು ಹೋಗುತ್ತಾರೆ. ಜನವರಿಯಲ್ಲಿ ಈ ಕೆಲಸಕ್ಕೆ ಕೈ ಹಾಕಿದಾಗ ಎಲ್ಲಿಂದ ಶುರು ಮಾಡಬೇಕು, ಯಾವ ಕಾಗದ ಮೊದಲು ಬೇಕು, ಎಷ್ಟು ಹಣ ತಗಲುತ್ತದೆ ಎಂದು ಹೇಳುವವರು ನನಗೆ ಸಿಗಲಿಲ್ಲ. ರ‍್ಯಾಕ್ ಮಾರುವವರು ರ‍್ಯಾಕಿನ ಬಗ್ಗೆ, ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವವರು ಅದರ ಬಗ್ಗೆ ಮಾತ್ರ ಹೇಳಿದರು. ನನ್ನಂತೆಯೇ ಅಪ್ಪನ ಅಂಗಡಿಯನ್ನು ವಹಿಸಿಕೊಂಡು ಇದೇ ಯೋಚನೆಯಲ್ಲಿರುವವರಿಗೆ ಸ್ವಲ್ಪವಾದರೂ ದಾರಿ ತಿಳಿಯಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಅಂಗಡಿ ಚೆಂದ ಕಾಣಲಿ ಎಂಬ ಆಸೆಯಿಂದ ಇದನ್ನು ಮಾಡಿದ್ದಲ್ಲ. ನಮ್ಮಲ್ಲಿ ಇಬ್ಬರು ಹುಡುಗರು ಸಾಮಾನು ತೂಗಿ ಕಟ್ಟಿಕೊಡುತ್ತಿದ್ದರು; 2024ರ ದೀಪಾವಳಿಯ ನಂತರ ಒಬ್ಬ ಬೆಂಗಳೂರಿಗೆ ಹೋದ, ಇನ್ನೊಬ್ಬ ತನ್ನದೇ ಗಾಡಿ ಕೊಂಡ. ಸಂಜೆ ಆರರಿಂದ ಎಂಟರವರೆಗೆ ಚೀಟಿ ಹಿಡಿದು ನಿಂತವರಲ್ಲಿ ನಾಲ್ಕೈದು ಮಂದಿ ದಿನವೂ ಬೇಸತ್ತು ಹಿಂದಿರುಗುವುದನ್ನು ನೋಡಿ, ಅರವತ್ತೆಂಟರ ಅಪ್ಪ ಒಬ್ಬರೇ ಅಟ್ಟದಿಂದ ಡಬ್ಬ ಇಳಿಸುವುದನ್ನು ನೋಡಿ, ಬೇರೆ ದಾರಿಯಿಲ್ಲವೆನಿಸಿತು. ಲಂಡನ್ ಕೋ-ಆಪರೇಟಿವ್ ಸೊಸೈಟಿ 1942ರಲ್ಲಿ ಲಂಡನ್ ಬಳಿಯ ರೋಮ್‌ಫರ್ಡ್‌ನ ತನ್ನ ಅಂಗಡಿಯ ಒಂದು ಭಾಗವನ್ನು ಸ್ವಸೇವೆಗೆ ಬಿಟ್ಟದ್ದು ಸಹ ಯುದ್ಧಕಾಲದಲ್ಲಿ ಕೆಲಸಗಾರರು ಸಿಗದ ಕಾರಣಕ್ಕೆ ಎಂದು ನಾನು ಮುಂದೆ ಓದಿದಾಗ, ನಮ್ಮ ಅಂಗಡಿಯ ಕಷ್ಟ ನಮ್ಮೊಬ್ಬರದೇ ಅಲ್ಲವೆಂದು ಸಮಾಧಾನವಾಯಿತು.

ಮೊದಲ ಅಡಚಣೆ ಹೆಸರಿನದು. ಉದ್ದಿಮೆ ಪರವಾನಗಿ, ಜಿಎಸ್‌ಟಿ, ಆಹಾರ ಪರವಾನಗಿ ಎಲ್ಲವೂ ಅಪ್ಪನ ಹೆಸರಿನಲ್ಲಿದ್ದವು. ಸಾಲಕ್ಕೆ ಹೋದಾಗ ಬ್ಯಾಂಕಿನವರು ಅವರ ವಯಸ್ಸು ನೋಡಿ, ನನ್ನ ಹೆಸರಿಗೆ ವ್ಯವಹಾರ ಬದಲಾಯಿಸಿಕೊಂಡು ಬರುವುದು ಒಳ್ಳೆಯದೆಂದರು. ಹೆಸರು ತಿದ್ದಿದರೆ ಮುಗಿಯಿತೆಂದು ನಾನು ತಿಳಿದಿದ್ದೆ. ಒಬ್ಬರೇ ಮಾಲೀಕರಿರುವ ಅಂಗಡಿಯ ಜಿಎಸ್‌ಟಿ ಸಂಖ್ಯೆ ಮಾಲೀಕರ ಪಾನ್‌ಗೆ ಕಟ್ಟಿಕೊಂಡಿರುವುದರಿಂದ ಅಪ್ಪನ ಸಂಖ್ಯೆ ನನಗೆ ಬರುವಂತಿರಲಿಲ್ಲ. ನಾನು ಹೊಸದಾಗಿ ನೋಂದಣಿ ಮಾಡಿಸಿ, ಅವರ ಖಾತೆಯಲ್ಲಿ ಉಳಿದಿದ್ದ ತೆರಿಗೆ ಜಮೆಯನ್ನು (ಸರಕು ಕೊಳ್ಳುವಾಗ ಕಟ್ಟಿದ, ಮುಂದೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ ಮೊತ್ತ) ಐಟಿಸಿ-02 ಎಂಬ ನಮೂನೆಯ ಮೂಲಕ, ಲೆಕ್ಕ ಪರಿಶೋಧಕರ ಪ್ರಮಾಣಪತ್ರದೊಂದಿಗೆ, ನನ್ನ ಖಾತೆಗೆ ತರಿಸಿಕೊಳ್ಳಬೇಕಾಯಿತು. ಈ ಕ್ರಮ ಮುಖ್ಯ: ಹಳೆಯ ನೋಂದಣಿಯನ್ನು ಮೊದಲೇ ರದ್ದು ಮಾಡಿಸಿಬಿಟ್ಟರೆ ಆ ಜಮೆಯ ಕಥೆ ತೊಡಕಾಗುತ್ತದೆ. ನಮಗೆ ಇಪ್ಪತ್ತನಾಲ್ಕು ದಿನ ಹಿಡಿಯಿತು. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾತ್ರ ಮನೆಯಲ್ಲೇ ಕುಳಿತು ಅರ್ಧ ಗಂಟೆಯಲ್ಲಿ ಆಯಿತು. ಅದಕ್ಕೆ ಶುಲ್ಕವಿಲ್ಲ, ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲವೆಂದು ತಿಳಿಯಿರಿ.

ಅರ್ಜಿಯ ಮೇಲೆ ಅಪ್ಪ ಸಹಿ ಹಾಕಿದ ದಿನ ಅವರು ಏನೂ ಮಾತಾಡಲಿಲ್ಲ. ಪೆನ್ನು ಮುಚ್ಚಿಟ್ಟು, "ನಂದು ಮುಗೀತಾ?" ಎಂದು ಮಾತ್ರ ಕೇಳಿದರು. ಕಾಗದದ ಕೆಲಸವನ್ನು ಕೇಳಿದರೋ ಬೇರೆಯದನ್ನೋ ಎಂದು ನನಗೆ ಆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

ಮಾರ್ಚ್ ಮಧ್ಯದಲ್ಲಿ ಸಣ್ಣ ಉದ್ದಿಮೆಗಳಿಗೆ ಸಾಲ ಕೊಡುವ ಮುದ್ರಾ ಯೋಜನೆಯ ಕಿಶೋರ ಎಂಬ ವರ್ಗದಲ್ಲಿ ಐದು ಲಕ್ಷಕ್ಕೆ ಅರ್ಜಿ ಕೊಟ್ಟೆ. ಆಧಾರ್, ಪಾನ್, ಉದ್ಯಮ್ ಪ್ರಮಾಣಪತ್ರ, ಉದ್ದಿಮೆ ಪರವಾನಗಿ, ಅಪ್ಪನ ಎರಡು ವರ್ಷದ ಆದಾಯ ತೆರಿಗೆ ವಿವರ, ಒಂದು ವರ್ಷದ ಬ್ಯಾಂಕ್ ವಹಿವಾಟು, ರ‍್ಯಾಕ್ ಮತ್ತು ಯಂತ್ರಗಳ ದರಪಟ್ಟಿ, ಕಟ್ಟಡದ ತೆರಿಗೆ ರಸೀದಿ ಇಷ್ಟನ್ನು ಒದಗಿಸಿದೆ. ದರಪಟ್ಟಿಯಲ್ಲಿ ಅಂಗಡಿಯವರ ಜಿಎಸ್‌ಟಿ ಸಂಖ್ಯೆ ಇರಲಿಲ್ಲವೆಂದು ಒಮ್ಮೆ, ಅದರ ಅವಧಿ ಮುಗಿದಿದೆಯೆಂದು ಇನ್ನೊಮ್ಮೆ ಕಡತ ಹಿಂದೆ ಬಂತು. ಆದ್ದರಿಂದ ದರಪಟ್ಟಿ ಬರೆಸಿಕೊಳ್ಳುವಾಗಲೇ ಮೂರು ತಿಂಗಳ ಅವಧಿ ನಮೂದಿಸಲು ಹೇಳಿ. ಹಣ ಬಂದದ್ದು ಮೇ ಕೊನೆಗೆ, ಹನ್ನೊಂದು ವಾರದ ನಂತರ.

ಆ ಹನ್ನೊಂದು ವಾರ ನಾನು ಸುಮ್ಮನೆ ಕೂರಲಾರದೆ, ಈ ಪದ್ಧತಿ ಹುಟ್ಟಿದ್ದೆಲ್ಲಿ, ಬೇರೆಯವರು ಇದನ್ನು ಹೇಗೆ ದಾಟಿದರು ಎಂದು ಓದತೊಡಗಿದೆ. ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ 1916ರ ಸೆಪ್ಟೆಂಬರಿನಲ್ಲಿ ಪಿಗ್ಲಿ ವಿಗ್ಲಿ ಅಂಗಡಿ ತೆರೆದು, ಗಿರಾಕಿ ಒಂದು ಕಡೆ ತಿರುಗುಗೇಟಿನಿಂದ ಒಳಬಂದು ಎಲ್ಲ ಸಾಲುಗಳನ್ನೂ ಹಾದು ಇನ್ನೊಂದು ಕಡೆ ಹಣ ಕೊಟ್ಟು ಹೊರಹೋಗುವಂತೆ ದಾರಿ ಮಾಡಿದ್ದನು. ಬ್ರಿಟನ್ನಿನಲ್ಲಿ ಇದು ಬೇರೂರಿದ್ದು ಎರಡನೆಯ ಮಹಾಯುದ್ಧದ ನಂತರ. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಎಂಬ ಅಂಗಡಿ ಸರಪಣಿ 1948ರಲ್ಲಿ ಲಂಡನ್ನಿನ ವುಡ್ ಗ್ರೀನ್ ಅಂಗಡಿಯ ಆಹಾರ ವಿಭಾಗದಲ್ಲಿ ಇದನ್ನು ಪರೀಕ್ಷಿಸಿತು. ಸೇನ್ಸ್‌ಬರಿ ಎಂಬ ದಿನಸಿ ಅಂಗಡಿ ಸರಪಣಿಯ ಕುಟುಂಬದ ಅಲನ್ ಸೇನ್ಸ್‌ಬರಿ 1949ರಲ್ಲಿ ಅಮೆರಿಕಕ್ಕೆ ಹೋಗಿ ನೋಡಿ ಬಂದು, 1950ರ ಜೂನ್‌ನಲ್ಲಿ ಲಂಡನ್ ಬಳಿಯ ಕ್ರಾಯ್ಡನ್ನಿನ ಹಳೆಯ ಕೌಂಟರ್ ಅಂಗಡಿಯನ್ನು ಬದಲಾಯಿಸಿದರು. ಅಲ್ಲಿ ಆಗಿನ್ನೂ ಪಡಿತರ ಮುಗಿದಿರಲಿಲ್ಲ. ಮಾಂಸದ ಮೇಲಿನ ಪಡಿತರ ಕೊನೆಯದಾಗಿ ತೆರವಾದದ್ದು 1954ರ ಜುಲೈನಲ್ಲಿ. ಸರದಿಯಲ್ಲಿ ನಿಂತು ನಿಂತು ಬೇಸತ್ತ ಜನರಿಗೆ ಕಾಯದೆ ಕೊಳ್ಳಬಹುದೆಂಬುದೇ ದೊಡ್ಡ ಆಕರ್ಷಣೆಯಾಗಿತ್ತು.

ಇದನ್ನೆಲ್ಲ ಓದುವಾಗ ನನಗೆ ಹೊಳೆದ ಮುಖ್ಯ ಸಂಗತಿಯೆಂದರೆ, ಸ್ವಸೇವೆಯಲ್ಲಿ ಅಂಗಡಿಯವನ ಕೆಲಸ ಇಲ್ಲವಾಗುವುದಿಲ್ಲ, ಅದರ ಹೊತ್ತು ಬದಲಾಗುತ್ತದೆ. ಗಿರಾಕಿಯ ಎದುರಿಗೆ ಸಂಜೆ ತೂಗುತ್ತಿದ್ದುದನ್ನು ಗಿರಾಕಿ ಬರುವ ಮೊದಲೇ ಬೆಳಗ್ಗೆ ತೂಗಿಟ್ಟಿರಬೇಕು. ಯುದ್ಧಾನಂತರದ ಅಂಗಡಿಗಳು ಕೂಡ ಬೇಕನ್ ಎಂಬ ಹಂದಿಮಾಂಸವನ್ನು, ಚೀಸನ್ನು ಮುಂಚಿತವಾಗಿ ಕತ್ತರಿಸಿ ಪಾರದರ್ಶಕ ಹಾಳೆಯಲ್ಲಿ ಸುತ್ತಿಡುವ ಏರ್ಪಾಟು ಮಾಡಿಕೊಂಡ ಮೇಲೆಯೇ ಮುಂದುವರಿಯಲು ಸಾಧ್ಯವಾಯಿತು. ನಾನು ರ‍್ಯಾಕಿನ ಬಣ್ಣದ ಚಿಂತೆ ಬಿಟ್ಟು ಪೊಟ್ಟಣದ ಚಿಂತೆ ಶುರುಮಾಡಿದ್ದು ಆಗ.

ಪೊಟ್ಟಣದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೀಳಬಹುದಾಗಿದ್ದುದು ಇಲ್ಲಿಯೇ. ಅಕ್ಕಿ, ಬೇಳೆ, ಹಿಟ್ಟುಗಳನ್ನು ಬಿಡಿಯಾಗಿ ತೂಗಿ ಮಾರಿದರೆ ಜಿಎಸ್‌ಟಿ ಇಲ್ಲ. ಅದೇ ಅಕ್ಕಿಯನ್ನು ನಾವೇ ಕೇಜಿ ಪೊಟ್ಟಣ ಮಾಡಿ ಚೀಟಿ ಅಂಟಿಸಿ ರ‍್ಯಾಕಿನಲ್ಲಿಟ್ಟರೆ, 2022ರ ಜುಲೈ 18ರಿಂದ ಜಾರಿಯಲ್ಲಿರುವ ನಿಯಮದಂತೆ, ಇಪ್ಪತ್ತೈದು ಕೇಜಿವರೆಗಿನ ಪೊಟ್ಟಣಕ್ಕೆ ಶೇಕಡ 5ರ ತೆರಿಗೆ ಬೀಳುತ್ತದೆ. ಅಂದರೆ ಕೌಂಟರ್ ತೆಗೆದ ಒಂದೇ ಕಾರಣಕ್ಕೆ ನಮ್ಮ ಅಕ್ಕಿ ತುಟ್ಟಿಯಾಗುತ್ತಿತ್ತು. ಕಾನೂನಿನ ಕಣ್ಣಿನಲ್ಲಿ ಮುಂಚಿತ ಪೊಟ್ಟಣವೆಂದರೆ ಗಿರಾಕಿ ಎದುರಿಗಿಲ್ಲದಾಗ ನಿಗದಿತ ತೂಕಕ್ಕೆ ಕಟ್ಟಿಟ್ಟದ್ದು. ಆದ್ದರಿಂದ ನಾವು ಅಕ್ಕಿ, ಬೇಳೆ, ರಾಗಿ ಹಿಟ್ಟು, ಬೆಲ್ಲಗಳನ್ನು ಮುಚ್ಚಳವಿರುವ ಡಬ್ಬಗಳಲ್ಲಿ ಬಿಡಿಯಾಗಿಟ್ಟು, ಗಿರಾಕಿ ತಾನೇ ತುಂಬಿಕೊಂಡು ಅಲ್ಲೇ ಪಕ್ಕದ ತಕ್ಕಡಿಯಲ್ಲಿ ತನ್ನೆದುರಿಗೇ ತೂಗಿಸಿಕೊಳ್ಳುವ ಏರ್ಪಾಟು ಮಾಡಿದೆವು. ಸಕ್ಕರೆ, ಜೀರಿಗೆ, ಸಾಸಿವೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿಗಳಿಗೆ ಬಿಡಿಯಾಗಿದ್ದರೂ ಕಟ್ಟಿದರೂ ಹೇಗಿದ್ದರೂ ಶೇಕಡ 5 ಇರುವುದರಿಂದ ಅವನ್ನು ಮಾತ್ರ ಪೊಟ್ಟಣ ಕಟ್ಟುತ್ತೇವೆ. ನಾವು ಸಾಮಾನ್ಯ ಪದ್ಧತಿಯಲ್ಲಿ ನೋಂದಣಿಯಾದವರು. ಒಟ್ಟು ಮಾರಾಟದ ಮೇಲೆ ಒಂದು ನಿಗದಿತ ದರದಲ್ಲಿ ತೆರಿಗೆ ಕಟ್ಟುವ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿರುವವರ ಲೆಕ್ಕ ಬೇರೆ, ಅವರು ತಮ್ಮ ಲೆಕ್ಕಿಗರನ್ನು ಕೇಳಿಯೇ ಮುಂದುವರಿಯಬೇಕು.

ಪೊಟ್ಟಣ ಕಟ್ಟುವುದೆಂದರೆ ಚೀಟಿಯ ಮೇಲೆ ಕಟ್ಟಿದವರ ಹೆಸರು ವಿಳಾಸ, ಪದಾರ್ಥದ ಹೆಸರು, ನಿವ್ವಳ ತೂಕ, ಕಟ್ಟಿದ ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಗ್ರಾಂ ಅಥವಾ ಕೇಜಿ ಲೆಕ್ಕದ ಬೆಲೆ, ದೂರು ಹೇಳಲು ಫೋನ್ ಸಂಖ್ಯೆ, ಜೊತೆಗೆ ಆಹಾರ ಪರವಾನಗಿ ಸಂಖ್ಯೆ, ಸಸ್ಯಾಹಾರದ ಹಸಿರು ಚುಕ್ಕೆ, ಬಳಕೆಯ ಅವಧಿ ಎಲ್ಲವೂ ಇರಬೇಕು. ತೂಕ ಮತ್ತು ಅಳತೆ ಇಲಾಖೆಯೆಂದು ನಾವು ಕರೆಯುವ ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ಪೊಟ್ಟಣ ಕಟ್ಟುವವರೆಂದು ನೋಂದಣಿ ಮಾಡಿಸಬೇಕು. ಅದಕ್ಕೆ 500 ರೂಪಾಯಿ ಶುಲ್ಕ. ಆಹಾರ ಪರವಾನಗಿಯಲ್ಲಿಯೂ ಬರೀ ಚಿಲ್ಲರೆ ಮಾರಾಟಗಾರರೆಂದಿದ್ದರೆ ಸಾಲದು, ಮರುಪೊಟ್ಟಣ ಕಟ್ಟುವವರ ವರ್ಗವನ್ನೂ ಸೇರಿಸಿಕೊಳ್ಳಬೇಕು. ಈ ಎರಡನೆಯದು ನನಗೆ ಗೊತ್ತಾದದ್ದು ಎರಡು ಸಾವಿರ ಚೀಟಿ ಅಚ್ಚು ಹಾಕಿಸಿದ ಮೇಲೆ. ಹೊಸ ಸಂಖ್ಯೆ ಬರುವವರೆಗೆ ಆ ಚೀಟಿಗಳೆಲ್ಲ ವ್ಯರ್ಥವಾದವು.

ಜೂನ್‌ನಲ್ಲಿ ಅಂಗಡಿಯನ್ನು ಹನ್ನೆರಡು ದಿನ ಮುಚ್ಚಿ ಕೆಲಸ ಮಾಡಿಸಿದೆವು. ನಮ್ಮದು ಹದಿನೆಂಟು ಅಡಿ ಅಗಲ, ನಲವತ್ತು ಅಡಿ ಉದ್ದ. ರ‍್ಯಾಕಿನವರು ನಡುವೆ ಎರಡು ಸಾಲು ಕೂರಿಸಲು ಹೇಳಿದರು. ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಎಳೆದು ಇಬ್ಬರು ಬುಟ್ಟಿ ಹಿಡಿದು ಎದುರುಬದುರಾಗಿ ನಡೆದು ನೋಡಿದಾಗ ಭುಜ ತಾಗಿತು. ಒಂದೇ ಸಾಲು ಸಾಕೆಂದು ಉಳಿದದ್ದನ್ನು ಗೋಡೆಗೆ ಹಾಕಿಸಿದೆ. ದಯವಿಟ್ಟು ಹಣ ಕೊಡುವ ಮುಂಚೆ ಈ ಗೆರೆ ಎಳೆದು ನಡೆಯುವ ಪರೀಕ್ಷೆ ಮಾಡಿ. ರ‍್ಯಾಕುಗಳಿಗೆ 2,10,000, ನೆಲ ಮತ್ತು ಬಣ್ಣಕ್ಕೆ 95,000, ವಿದ್ಯುತ್ ಕೆಲಸಕ್ಕೆ 38,000, ಕಂಪ್ಯೂಟರ್, ಸ್ಕ್ಯಾನರ್, ಬಿಲ್ ಮುದ್ರಿಸುವ ಯಂತ್ರಕ್ಕೆ 58,000, ಚೀಟಿ ಮುದ್ರಿಸುವ ತಕ್ಕಡಿಗೆ 46,000, ನಾಲ್ಕು ಕ್ಯಾಮೆರಾಗಳಿಗೆ 24,000, ಬುಟ್ಟಿಗಳಿಗೆ 4,000, ಒಟ್ಟು 4,75,000 ರೂಪಾಯಿ ಆಯಿತು. ಇದರ ಮೇಲೆ ಯಾರೂ ಮೊದಲೇ ಹೇಳದ ಖರ್ಚೊಂದಿದೆ: ತೆರೆದ ರ‍್ಯಾಕ್ ಅರ್ಧ ಖಾಲಿ ಕಂಡರೆ ಜನ ಮುಟ್ಟುವುದಿಲ್ಲವಾದ್ದರಿಂದ ಸರಕನ್ನೇ 2,60,000 ರೂಪಾಯಿಯಷ್ಟು ಹೆಚ್ಚು ತುಂಬಬೇಕಾಯಿತು.

ಹೊರಗಿನ ಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂಬ ನಿಯಮ ನಮಗೆ ಕಷ್ಟವಾಗಲಿಲ್ಲ, ನಮ್ಮ ಫಲಕ ಮೊದಲಿನಿಂದಲೂ ಪೂರ್ತಿ ಕನ್ನಡದಲ್ಲಿದೆ. ಕಷ್ಟವಾದದ್ದು ಬಿಲ್ಲಿನ ಕನ್ನಡ. ಕೌಂಟರ್ ಅಂಗಡಿಯಲ್ಲಿ ಅಪ್ಪ ಬೆಲೆಯನ್ನು ಬಾಯಲ್ಲಿ ಹೇಳುತ್ತಿದ್ದರು. ಸ್ವಸೇವೆಯಲ್ಲಿ ಗಿರಾಕಿ ಓದಿಯೇ ತಿಳಿಯಬೇಕು. ಇಂಗ್ಲಿಷಿನಲ್ಲಿ ಮೊಟಕಾಗಿ ಮುದ್ರಿತವಾದ ಬಿಲ್ಲನ್ನು ನಮ್ಮ ಊರಿನ ಅರ್ಧ ಜನ ಓದಲಾರರು, ಓದಲಾರದ ಬಿಲ್ಲನ್ನು ಯಾರೂ ನಂಬುವುದಿಲ್ಲ. ಮೂರು ಸಾಫ್ಟ್‌ವೇರ್‌ಗಳನ್ನು ನೋಡಿ, ಕನ್ನಡವನ್ನು ಒತ್ತಕ್ಷರ ಕೆಡದಂತೆ ಮುದ್ರಿಸುವ ಒಂದನ್ನು 3,500 ರೂಪಾಯಿ ಹೆಚ್ಚು ಕೊಟ್ಟು ತೆಗೆದುಕೊಂಡೆ. ಕೊಳ್ಳುವ ಮುನ್ನ "ಕೊತ್ತಂಬರಿ", "ಉದ್ದಿನಬೇಳೆ", "ಅಗರಬತ್ತಿ ಸ್ಟ್ಯಾಂಡ್" ಎಂಬ ಮೂರು ಹೆಸರುಗಳನ್ನು ನಿಮ್ಮೆದುರೇ ಮುದ್ರಿಸಿ ತೋರಿಸಲು ಹೇಳಿ.

ಎಲ್ಲ ಸಿದ್ಧವಾಗುವ ಹೊತ್ತಿಗೆ ಆಷಾಢ ಬಂತು. ಆಷಾಢದಲ್ಲಿ ಹೊಸದನ್ನು ಶುರು ಮಾಡಬಾರದೆಂದು ಅಪ್ಪ ಹಟ ಹಿಡಿದರು. ತಿಂಗಳಿಗೆ 10,700 ರೂಪಾಯಿಯ ಆಸುಪಾಸಿನ ಕಂತು ಶುರುವಾಗಿದ್ದರೂ, ಅವರು ಈ ಕೆಲಸದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ ಆಗಿದ್ದರಿಂದ ಒಪ್ಪಿದೆ. ಅಂಗಡಿಯ ಮುಂದೆ ಮೇಜು ಹಾಕಿಕೊಂಡು ಅಲ್ಪಸ್ವಲ್ಪ ವ್ಯಾಪಾರ ಮಾಡಿದೆವು. ಅದೇ ಜುಲೈನಲ್ಲಿ ಯುಪಿಐ ಜಮೆಗಳನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದ ಸುದ್ದಿ ರಾಜ್ಯದಲ್ಲೆಲ್ಲ ಹಬ್ಬಿ, ಅಕ್ಕಪಕ್ಕದವರು ಕ್ಯೂಆರ್ ಫಲಕ ತೆಗೆಯತೊಡಗಿದಾಗ, ಪ್ರತಿಯೊಂದು ಮಾರಾಟವನ್ನೂ ಕಂಪ್ಯೂಟರಿಗೆ ಹತ್ತಿಸಲು ಹೊರಟ ನಾನು ತಪ್ಪು ಮಾಡುತ್ತಿದ್ದೇನೆಯೇ ಎಂದು ಹೆದರಿಕೆಯಾಗಿತ್ತು. ಈಗ ಯೋಚಿಸಿದರೆ, ಬಿಡಿ ಅಕ್ಕಿಯ ತೆರಿಗೆಯಿಲ್ಲದ ಮಾರಾಟವನ್ನು ಬೇರೆಯಾಗಿ ತೋರಿಸುವ ಬಿಲ್ಲು ಕೈಯಲ್ಲಿರುವುದೇ ನನಗೆ ಧೈರ್ಯ.

ಶ್ರಾವಣದ ಮೊದಲ ವಾರ, ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ತೆರೆದೆವು. ಎರಡನೆಯ ದಿನ, ನನಗೆ ನಾಲ್ಕನೇ ತರಗತಿಯಲ್ಲಿ ಪಾಠ ಹೇಳಿದ ಮೇಷ್ಟ್ರು ಬಂದರು. ಕೈಗೆ ಬುಟ್ಟಿ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, "ಇಷ್ಟು ವರ್ಷ ನಿಮ್ಮಪ್ಪ ಚೀಟಿ ಓದಿ ಕಟ್ಟಿಕೊಡ್ತಿದ್ರು. ಈಗ ನಾನೇ ತಡಕಾಡ್ಕೋಬೇಕೇನಮ್ಮ?" ಎಂದು ಬುಟ್ಟಿಯನ್ನು ನೆಲದ ಮೇಲಿಟ್ಟು ಹೊರಟುಹೋದರು. ಕ್ರಾಯ್ಡನ್ನಿನಲ್ಲಿ ಬುಟ್ಟಿ ಕೊಟ್ಟ ಅಲನ್ ಸೇನ್ಸ್‌ಬರಿಯವರ ಮೇಲೆಯೇ ಗಿರಾಕಿಯೊಬ್ಬರು ಅದನ್ನು ಎಸೆದಿದ್ದರೆಂದು ಓದಿದ್ದು ನೆನಪಾದರೂ ಕಣ್ಣೀರು ನಿಲ್ಲಲಿಲ್ಲ. ಅಂದು ಸಂಜೆ ಅವರ ಮನೆಗೆ ಹೋಗಿ ಚೀಟಿ ಇಸಿದುಕೊಂಡು ಬಂದು ಸಾಮಾನು ನಾನೇ ಆರಿಸಿ ತಲುಪಿಸಿದೆ. ಆಗ ಅವರು ಹೇಳಿದ್ದು: ಎಲ್ಲಿ ಏನಿದೆ ಎಂದು ಗೊತ್ತಾಗದೆ ಎಲ್ಲರೆದುರು ನಿಲ್ಲಲು ಸಂಕೋಚವಾಯಿತು, ಕೂರಲು ಸ್ಟೂಲೂ ಇರಲಿಲ್ಲ.

ಹೌದು, ಜಾಗ ಉಳಿಯಲೆಂದು ಹಳೆಯ ಎರಡು ಸ್ಟೂಲುಗಳನ್ನು ನಾನು ತೆಗೆಸಿದ್ದೆ. ಹಿಂದೆ ಇಂಗ್ಲೆಂಡಿನ ಕೌಂಟರ್ ಅಂಗಡಿಗಳಲ್ಲೂ ಗಿರಾಕಿಗೆ ಕುರ್ಚಿ ಹಾಕುತ್ತಿದ್ದರು. ಕೂರಿಸಿ ಮಾತಾಡಿಸುವುದು ವ್ಯಾಪಾರದ ಭಾಗವೇ ಆಗಿತ್ತು ಎಂಬುದನ್ನು ಓದಿಯೂ ನಾನು ಮರೆತಿದ್ದೆ. ಮರುದಿನವೇ ಸ್ಟೂಲುಗಳನ್ನು ತಂದು ಬಾಗಿಲ ಬಳಿ ಹಾಕಿ, ಚೀಟಿ ಕೊಟ್ಟು ಕೂತವರಿಗೆ ನಾವೇ ಆರಿಸಿಕೊಡುತ್ತೇವೆಂದು ಬರೆದು ಅಂಟಿಸಿದೆ. ಇನ್ನೊಂದು ಉಪಾಯವನ್ನೂ ಮಾಡಿದೆ. ಒಕ್ಲಹಾಮಾ ನಗರದ ಸಿಲ್ವನ್ ಗೋಲ್ಡ್‌ಮನ್ 1937ರಲ್ಲಿ ತಳ್ಳುವ ಗಾಡಿಯನ್ನು ತಂದಾಗ ಯಾರೂ ಮುಟ್ಟದಿದ್ದುದರಿಂದ, ಗಾಡಿ ತಳ್ಳುತ್ತ ಅಂಗಡಿಯಲ್ಲಿ ಓಡಾಡಲು ಜನರನ್ನೇ ಗೊತ್ತುಮಾಡಿದ್ದನು. ನಾನು ನನ್ನ ಇಬ್ಬರು ಚಿಕ್ಕಮ್ಮಂದಿರಿಗೆ ಒಂದು ವಾರ ಸಂಜೆ ಹೊತ್ತು ಬಂದು ಬುಟ್ಟಿ ಹಿಡಿದು ನಿಧಾನವಾಗಿ ಸಾಮಾನು ಕೊಳ್ಳಲು ಹೇಳಿದೆ. ಅವರನ್ನು ನೋಡಿ ಬೇರೆ ಹೆಂಗಸರು ಸಲೀಸಾಗಿ ಒಳಬಂದರು.

ಇನ್ನೂ ಪೂರ್ತಿ ಬಗೆಹರಿಯದ ವಿಷಯ ಉದ್ರಿ. ಅಪ್ಪನ ಉದ್ರಿ ಪುಸ್ತಕದಲ್ಲಿ ನಲವತ್ತಮೂರು ಮನೆಗಳಿದ್ದವು. ಕೌಂಟರಿನಲ್ಲಿ ಸಾಮಾನು ಕಟ್ಟುತ್ತಲೇ ಅವರು ಸದ್ದಿಲ್ಲದೆ ಬರೆದುಕೊಳ್ಳುತ್ತಿದ್ದರು, ಪಕ್ಕದವರಿಗೆ ತಿಳಿಯುತ್ತಿರಲಿಲ್ಲ. ಈಗ ಒಂದೇ ಬಿಲ್ಲಿನ ಮೇಜು, ಹಿಂದೆ ಸಾಲು, ಯಂತ್ರ ಮೊತ್ತವನ್ನು ದೊಡ್ಡದಾಗಿ ತೋರಿಸುತ್ತದೆ; ಅಲ್ಲಿ ನಿಂತು "ಬರ್ಕೊಳಿ" ಎನ್ನುವುದು ಎಷ್ಟು ಕಷ್ಟವೆಂದು ಮೊದಲ ವಾರ ಒಬ್ಬ ತಾಯಿ ಎರಡು ಪೊಟ್ಟಣ ಹಿಂದೆ ಇಟ್ಟು ಹೋದಾಗ ನನಗೆ ಅರ್ಥವಾಯಿತು. ಪಿಗ್ಲಿ ವಿಗ್ಲಿಯಂಥ ಅಂಗಡಿಗಳು ನಗದಿಗೆ ಮಾತ್ರ ಮಾರಿ ಈ ಪ್ರಶ್ನೆಯನ್ನೇ ಕಳಚಿಕೊಂಡವು. ಕೂಲಿ ವಾರಕ್ಕೊಮ್ಮೆ, ಕೊಬ್ಬರಿಯ ಹಣ ವರ್ಷಕ್ಕೆರಡು ಸಲ ಬರುವ ನಮ್ಮ ಊರಿನಲ್ಲಿ ನಾನು ಹಾಗೆ ಮಾಡಲಾರೆ. ಪ್ರತಿ ಮನೆಗೂ ಒಂದು ಸಂಖ್ಯೆಯ ಕಾರ್ಡು ಮಾಡಿ, ಎಲ್ಲ ಗಿರಾಕಿಗಳಿಗೂ ಅದೇ ಬಣ್ಣದ ಕಾರ್ಡು ಕೊಟ್ಟಿದ್ದೇನೆ. ಕಾರ್ಡು ತೋರಿಸಿದರೆ ಸಾಕು, ಬಾಕಿ ತಾನಾಗಿ ಹತ್ತುತ್ತದೆ, ಮಾತು ಬೇಕಿಲ್ಲ. ಮೂವತ್ತು ಮನೆಯವರು ಒಗ್ಗಿಕೊಂಡಿದ್ದಾರೆ. ಉಳಿದವರಲ್ಲಿ ಕೆಲವರು ಈಗ ಬರುವುದನ್ನೇ ಬಿಟ್ಟಿದ್ದಾರೆ, ಅದು ನನ್ನನ್ನು ಕೊರೆಯುತ್ತದೆ.

ಕಳವಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೊದಲ ತಿಂಗಳು ಲೆಕ್ಕಕ್ಕೆ ಸಿಗದ ಸರಕು 6,200 ರೂಪಾಯಿಯದು. ಕ್ಯಾಮೆರಾಕ್ಕಿಂತ ಉಪಯೋಗಕ್ಕೆ ಬಂದದ್ದು ಏಲಕ್ಕಿ, ಗೋಡಂಬಿ, ಬ್ಲೇಡು, ಚಾಕಲೇಟುಗಳನ್ನು ಬಿಲ್ಲಿನ ಮೇಜಿನ ಬಳಿಗೆ ತಂದದ್ದು ಮತ್ತು ಮೂಲೆಯ ಎತ್ತರದ ರ‍್ಯಾಕನ್ನು ಎದೆಮಟ್ಟಕ್ಕೆ ಇಳಿಸಿದ್ದು; ಅಕ್ಟೋಬರಿನಲ್ಲಿ ಅದು 1,900ಕ್ಕೆ ಬಂತು. ಯಾರ ಚೀಲವನ್ನೂ ನಾವು ತೆರೆಸಿ ನೋಡುವುದಿಲ್ಲ.

ಎಲ್ಲ ಒಂದು ಹದಕ್ಕೆ ಬಂತೆನ್ನುವಾಗ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. ಸೋಪು, ಟೂತ್‌ಪೇಸ್ಟ್, ತಲೆಗೆ ಹಾಕುವ ಎಣ್ಣೆ, ಬಿಸ್ಕತ್ತುಗಳು ಶೇಕಡ 18ರಿಂದ 5ಕ್ಕೆ, ತುಪ್ಪ, ಬೆಣ್ಣೆ 12ರಿಂದ 5ಕ್ಕೆ ಇಳಿದವು. ಹಳೆಯ ಬೆಲೆ ಮುದ್ರಿತವಾದ ಸರಕು ರ‍್ಯಾಕಿನಲ್ಲಿ, ಹೊಸ ಬೆಲೆ ಕಂಪ್ಯೂಟರಿನಲ್ಲಿ. ಮುನ್ನೂರಕ್ಕೂ ಹೆಚ್ಚು ಪದಾರ್ಥಗಳ ದರವನ್ನು ಎರಡು ರಾತ್ರಿ ಕುಳಿತು ತಿದ್ದಿ, ರ‍್ಯಾಕಿನ ಅಂಚಿಗೆ ಕೈಬರಹದಲ್ಲಿ ಹೊಸ ಬೆಲೆ ಅಂಟಿಸಿದೆವು. ಅಪ್ಪ ಅಂಗಡಿಗೆ ಮರಳಿದ್ದು ಆ ರಾತ್ರಿ. ತೆರೆದ ದಿನ ಪೂಜೆ ಮುಗಿಸಿ ಮನೆಗೆ ಹೋದವರು ಅಲ್ಲಿಯವರೆಗೆ ಹೆಚ್ಚಾಗಿ ಬಂದಿರಲಿಲ್ಲ. ಅವರ ಅಕ್ಷರ ದುಂಡಗಿದೆ, ದೂರಕ್ಕೂ ಕಾಣುತ್ತದೆ. ಬೆಲೆ ಚೀಟಿಗಳನ್ನೆಲ್ಲ ಅವರೇ ಬರೆದರು.

ಈಗ ಅವರು ದಿನವೂ ಸಂಜೆ ಬಿಡಿ ಅಕ್ಕಿಬೇಳೆಯ ಡಬ್ಬಗಳ ಪಕ್ಕದ ತಕ್ಕಡಿಯ ಬಳಿ ಕೂರುತ್ತಾರೆ. ಯಾವ ಬೇಳೆ ಬೇಗ ಬೇಯುತ್ತದೆ, ಯಾವ ಅಕ್ಕಿ ಹಳೆಯದು ಎಂದು ಕೇಳುವವರು ಅಲ್ಲಿ ನಿಲ್ಲುತ್ತಾರೆ. ಸೇನ್ಸ್‌ಬರಿಯವರ ಕೊನೆಯ ಕೌಂಟರ್ ಅಂಗಡಿ ಮುಚ್ಚಿದ್ದು 1982ರಲ್ಲಿ, ಕ್ರಾಯ್ಡನ್ ಬದಲಾದ ಮೂವತ್ತೆರಡು ವರ್ಷದ ನಂತರ. ಆದ್ದರಿಂದ ಆ ತಕ್ಕಡಿಯನ್ನು ತೆಗೆಯುವ ಅವಸರ ನನಗಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು, ಹಾಕಿಸಿದ ಪ್ರಮಾಣಪತ್ರವನ್ನು ಗಿರಾಕಿಗೆ ಕಾಣುವಂತೆ ತೂಗುಹಾಕಬೇಕು. ನಮ್ಮದನ್ನು ಅಪ್ಪ ಮೊದಲು ಗೋಡೆಯ ಎತ್ತರಕ್ಕೆ ಹಾಕಿದ್ದರು. ಮೇಷ್ಟ್ರು ಓದಲಾಗುವುದಿಲ್ಲವೆಂದ ಮೇಲೆ ಕೆಳಗಿಳಿಸಿ ತಕ್ಕಡಿಯ ಪಕ್ಕದಲ್ಲೇ ಹಾಕಿದ್ದಾರೆ.